ಲಾಗ್ ಬುಕ್, ಹಕ್ಕಿಗಳ ನೋಟ್‌ಬುಕ್ ಮತ್ತು ಮನೆ: ಒಬ್ಬ ವಾಯುಪಡೆ ಪೈಲಟ್‌ನ ಬದುಕನ್ನು ಬರೆಯುವ ಬಗೆ

ಪ್ರಶ್ನೆ: ನಮ್ಮ ತಂದೆಯವರು ವಾಯುಪಡೆಯಲ್ಲಿ ಸಾರಿಗೆ ವಿಮಾನದ ಪೈಲಟ್ ಆಗಿದ್ದರು. ನಿವೃತ್ತಿಯ ನಂತರ ಗಿಡಮರ, ಹಕ್ಕಿಗಳು, ಮೊಮ್ಮಕ್ಕಳು ಇಷ್ಟೇ ಅವರ ಪ್ರಪಂಚವಾಗಿತ್ತು. ಕಳೆದ ವರ್ಷ ತೀರಿಕೊಂಡರು. ಮನೆಯವರಿಗಾಗಿ ಅವರ ಬದುಕನ್ನು ಬರೆದಿಡಬೇಕೆಂದಿದ್ದೇನೆ. ನನ್ನ ಬಳಿ ಹಾರಾಟಗಳನ್ನು ದಾಖಲಿಸಿದ ಅವರ ಲಾಗ್ ಬುಕ್‌ಗಳು, ಹವಾಮಾನ ಮತ್ತು ಹಕ್ಕಿಗಳ ಬಗ್ಗೆ ಅವರು ಗುರುತು ಹಾಕಿಕೊಂಡಿದ್ದ ಸಣ್ಣ ನೋಟ್‌ಬುಕ್ ಮತ್ತು ಅಮ್ಮನಿಗೆ ಬರೆದ ಕೆಲವು ಕಾಗದಗಳಿವೆ. ಹಾರಾಟದ ವಿಷಯವನ್ನು ಅವರು ನಮ್ಮೊಂದಿಗೆ ಮಾತನಾಡಿದ್ದು ತೀರ ಕಡಿಮೆ. ಅಪ್ಪ ಮನೆಯಲ್ಲೇ ಇರುತ್ತಿರಲಿಲ್ಲ ಎಂದು ಅಕ್ಕ ಹೇಳುತ್ತಾಳೆ. ನನ್ನ ನೆನಪಿನ ಅಪ್ಪ ಸದಾ ನಮ್ಮೊಂದಿಗೇ ಇದ್ದವರು. ಈ ಮೂರು ಮುಖಗಳನ್ನು ಒಟ್ಟಿಗೆ ಹೇಗೆ ಬರೆಯಲಿ? ಕಠಿಣವಾದ ಕೆಲಸದಿಂದ ಬಿಡುಗಡೆ ಬೇಕೆಂದು ಅವರು ಪ್ರಕೃತಿಯ ಕಡೆಗೆ ತಿರುಗಿದರೇ? ಲಾಗ್ ಬುಕ್ಕಿನ ಒಂದು ತಿಂಗಳ ಪುಟವನ್ನೂ ನೋಟ್‌ಬುಕ್ಕಿನಲ್ಲಿ ಅದೇ ತಿಂಗಳಿಗೆ ಸೇರಿದ ಪುಟವನ್ನೂ ಇದರ ಜೊತೆ ಕಳಿಸಿದ್ದೇನೆ.

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದಕ್ಕೆ ನೀವು ಕೊಡುವ ಉತ್ತರವನ್ನೇ ಅವಲಂಬಿಸಿದೆ. ಸೇನಾ ಪೈಲಟ್‌ಗಳ ಬಗ್ಗೆ ಅವರ ಮನೆಯವರು ಬರೆದ ಅನೇಕ ಬರಹಗಳನ್ನು ನಾನು ಓದಿದ್ದೇನೆ, ಕೆಲವನ್ನು ತಿದ್ದಿಕೊಟ್ಟಿದ್ದೇನೆ. ಅವುಗಳಲ್ಲಿ ಬಹುಪಾಲು ಒಂದೇ ಅಚ್ಚಿನವು: ಮೊದಲು ಸಮವಸ್ತ್ರದ ವೀರ, ಆಮೇಲೆ ಗಿಡಗಳಿಗೆ ನೀರೆರೆಯುವ ಶಾಂತ ಮನುಷ್ಯ, ಕೊನೆಗೆ ಮೊಮ್ಮಕ್ಕಳ ಅಜ್ಜ. ಹಾಗೆ ಬರೆದಾಗ ಮೂವರು ಬೇರೆ ಬೇರೆ ವ್ಯಕ್ತಿಗಳು ಕಾಣುತ್ತಾರೆಯೇ ಹೊರತು ಒಬ್ಬ ಮನುಷ್ಯ ಕಾಣುವುದಿಲ್ಲ. ಪ್ರಕೃತಿಯ ಮೇಲಿನ ಒಲವು ಕೆಲಸದಿಂದ ತಪ್ಪಿಸಿಕೊಳ್ಳುವ ದಾರಿಯಾಗಿತ್ತೆಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ನೀವು ಕಳಿಸಿದ ಎರಡು ಪುಟಗಳು ಬೇರೆಯೇ ಮಾತು ಹೇಳುತ್ತಿವೆ.

ಆ ಎರಡು ಪುಟಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಲಾಗ್ ಬುಕ್ಕಿನಲ್ಲಿ ಆ ತಿಂಗಳು ಹನ್ನೊಂದು ಹಾರಾಟಗಳಿವೆ. ಅವುಗಳಲ್ಲಿ ಐದರ ಎದುರು ಪ್ಯಾರಾಶೂಟ್ ಇಳಿಸುವ ಅಭ್ಯಾಸವೆಂದು ಬರೆದಿದೆ, ಮತ್ತು ಆ ಐದೂ ಬೆಳಗಿನ ಹೊತ್ತು ಹೊರಟು ಒಂಬತ್ತು ಗಂಟೆಯೊಳಗೆ ಮುಗಿದಿವೆ. ನೋಟ್‌ಬುಕ್ಕಿನ ಪುಟದಲ್ಲಿ ಒಂದು ಸಾಲು ಹೀಗಿದೆ: ‘10.20 — ಹದ್ದುಗಳು ಎದ್ದವು. ಪುಟ್ಟಿ ಮೊದಲು ನೋಡಿದಳು.’ ಇದನ್ನು ನೀವು ಹಕ್ಕಿಪ್ರೇಮಿಯೊಬ್ಬರ ಟಿಪ್ಪಣಿಯೆಂದು ಓದಿದ್ದೀರಿ. ಅದು ಸರಿಯೇ, ಆದರೆ ಅರ್ಧ ಸರಿ. ಬಿಸಿಲೇರಿ ನೆಲ ಕಾದಂತೆ ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಪೈಲಟ್‌ಗಳು ಇದನ್ನು ಥರ್ಮಲ್ ಎನ್ನುತ್ತಾರೆ. ಹದ್ದು, ರಣಹದ್ದುಗಳಂಥ ಅಗಲ ರೆಕ್ಕೆಯ ಹಕ್ಕಿಗಳು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದು ಈ ಗಾಳಿಯ ಬಲದಿಂದಲೇ, ಆದ್ದರಿಂದ ಅವು ಏರಲು ತೊಡಗಿದ ಗಳಿಗೆಯೆಂದರೆ ಗಾಳಿಯ ಬೆಳಗಿನ ನೆಮ್ಮದಿ ಮುಗಿದ ಗಳಿಗೆ. ಅಲ್ಲಿಂದ ಮುಂದೆ ತಗ್ಗಿನಲ್ಲಿ ಹಾರುವ ಭಾರದ ವಿಮಾನ ಕುಲುಕಾಡುತ್ತದೆ, ಕೆಳಗಿಳಿಸಿದ ಪ್ಯಾರಾಶೂಟು ಗುರಿ ಬಿಟ್ಟು ಸರಿಯುವ ಸಂಭವ ಹೆಚ್ಚುತ್ತದೆ. ನಿಮ್ಮ ತಂದೆಯವರು ಬರೆದುಕೊಂಡದ್ದು ಹದ್ದುಗಳ ವಿಷಯವೂ ಹೌದು, ಮರುದಿನದ ಹಾರಾಟದ ವಿಷಯವೂ ಹೌದು. ಆ ದಿನಾಂಕದಲ್ಲಿ ಲಾಗ್ ಬುಕ್ ಖಾಲಿಯಿದೆ ಎಂಬುದನ್ನು ಗಮನಿಸಿ. ಅಂದು ಅವರು ಹಾರಿರಲಿಲ್ಲ, ಮನೆಯ ಬಳಿ ಇದ್ದರು, ಆಕಾಶವನ್ನು ನೋಡುತ್ತಿದ್ದರು. ‘ಪುಟ್ಟಿ’ಯ ವಿಷಯಕ್ಕೆ ಮುಂದೆ ಬರುತ್ತೇನೆ.

ಅದೇ ಪುಟದಲ್ಲಿ ‘ಮಂಜು 8.40ಕ್ಕೆ ಚದುರಿತು, ಕೊಕ್ಕರೆ 14’ ಎಂಬ ಸಾಲಿದೆ. ಗಾಳಿಯ ಉಷ್ಣತೆಗೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆಗೂ) ಇರುವ ಅಂತರ ತೀರ ಕಡಿಮೆಯಾದಾಗ ಮಂಜು ಕವಿಯುತ್ತದೆ; ಬಿಸಿಲಿಗೆ ನೆಲ ಬೆಚ್ಚಗಾಗಿ ಆ ಅಂತರ ಹೆಚ್ಚಿದಂತೆ ಅದು ಕರಗುತ್ತದೆ. ಅದೇ ಅಂತರದಿಂದ ಹಗಲಿನ ಬಿಡಿ ಮೋಡಗಳ ತಳ ಎಷ್ಟು ಎತ್ತರದಲ್ಲಿದ್ದೀತೆಂದು ಪೈಲಟ್‌ಗಳು ಬಾಯಿಲೆಕ್ಕ ಹಾಕುತ್ತಾರೆ: ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 125 ಮೀಟರ್. ದಶಕಗಳ ಕಾಲ ಹೀಗೆ ಲೆಕ್ಕ ಹಾಕಿದವರಿಗೆ ಬೆಳಗಿನ ಹುಲ್ಲಿನ ಮೇಲಿನ ಹನಿಯೂ ಒಂದು ವರದಿಯೇ. ನಿವೃತ್ತಿಯಾದ ಮೇಲೂ ಅವರು ಎದ್ದ ಕೂಡಲೇ ಹೊರಗೆ ಹೋಗಿ ನಿಲ್ಲುತ್ತಿದ್ದರೆ, ಅದನ್ನು ವೃದ್ಧಾಪ್ಯದ ಹವ್ಯಾಸವೆಂದು ಬರೆದುಬಿಡಬೇಡಿ.

ಇನ್ನು ನೋಡುವ ವಿದ್ಯೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮನೆಯವರು ಹೆಚ್ಚು ಗುರುತಿಸದ, ಆದರೆ ಪೈಲಟ್‌ನ ಸ್ವಭಾವವನ್ನೇ ರೂಪಿಸುವ ತರಬೇತಿ ಇದು. ಕಣ್ಣನ್ನು ಆಕಾಶದ ಮೇಲೆ ಸುಮ್ಮನೆ ಹರಿಸಿದರೆ ಏನೂ ಕಾಣುವುದಿಲ್ಲ, ಏಕೆಂದರೆ ಚಲಿಸುತ್ತಿರುವ ಕಣ್ಣು ಸಣ್ಣ ವಸ್ತುವನ್ನು ಹಿಡಿಯಲಾರದು. ಆದ್ದರಿಂದ ಪೈಲಟ್‌ಗೆ ಆಕಾಶವನ್ನು ಸುಮಾರು ಹತ್ತು ಹತ್ತು ಡಿಗ್ರಿಯ ತುಂಡುಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ಒಂದು ಕ್ಷಣ ದೃಷ್ಟಿಯನ್ನು ನಿಲ್ಲಿಸಿ ಮುಂದೆ ಹೋಗುವುದನ್ನು ಕಲಿಸುತ್ತಾರೆ. ನೋಡಲು ಏನೂ ಇಲ್ಲದ ಖಾಲಿ ಆಕಾಶದಲ್ಲಿ ಕಣ್ಣು ತನಗೆ ಅರಿವಿಲ್ಲದೆ ಹತ್ತಿರದ ಯಾವುದೋ ದೂರಕ್ಕೆ ಹೊಂದಿಕೊಂಡುಬಿಡುತ್ತದೆ. ಅದಕ್ಕಾಗಿ ಆಗಾಗ ದೂರದ ಮೋಡದ ಅಂಚನ್ನೋ ದಿಗಂತವನ್ನೋ ನೋಡಿ ದೃಷ್ಟಿಯನ್ನು ಸರಿಪಡಿಸಿಕೊಳ್ಳಬೇಕು. ಡಿಕ್ಕಿಯ ದಾರಿಯಲ್ಲಿರುವ ವಿಮಾನವಂತೂ ಎದುರಿನ ಗಾಜಿನಲ್ಲಿ ಇದ್ದಲ್ಲೇ ಇದ್ದು ದೊಡ್ಡದಾಗುತ್ತ ಬರುತ್ತದೆಯೇ ಹೊರತು ಅತ್ತಿತ್ತ ಸರಿಯುವುದಿಲ್ಲ, ಆದ್ದರಿಂದ ಚಲಿಸುವುದಕ್ಕಿಂತ ಚಲಿಸದಿರುವುದನ್ನು ಹೆಚ್ಚು ಅನುಮಾನದಿಂದ ನೋಡುವ ರೂಢಿ ಬೆಳೆಯುತ್ತದೆ. ರಾತ್ರಿ ಹಾರಾಟದ ಪಾಠ ಇನ್ನೂ ಸೂಕ್ಷ್ಮವಾದುದು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು, ಒಂದು ಪ್ರಖರ ದೀಪ ಕ್ಷಣಮಾತ್ರದಲ್ಲಿ ಅದನ್ನು ಕೆಡಿಸುತ್ತದೆ. ಮಂದ ಬೆಳಕಿನ ವಸ್ತುವನ್ನು ನೇರವಾಗಿ ನೋಡಿದರೆ ಮಾಯವಾಗುತ್ತದೆ, ತುಸು ಪಕ್ಕಕ್ಕೆ ನೋಡಿದರೆ ಕಾಣುತ್ತದೆ.

ಈಗ ಹೇಳಿ, ಹಕ್ಕಿ ನೋಡುವವರು ಪೊದೆಯೊಳಗೆ ಹುಡುಕುವ ಬಗೆ ಇದಕ್ಕಿಂತ ಎಷ್ಟು ಭಿನ್ನ? ಸಂಜೆಗತ್ತಲಲ್ಲಿ ಬಾವಲಿಗಳನ್ನು ಎಣಿಸುವವರು, ನಕ್ಷತ್ರ ನೋಡುವವರು ಅನುಸರಿಸುವ ಕ್ರಮವೂ ಇದೇ. ಅಪ್ಪ ಎಲ್ಲರಿಗಿಂತ ಮೊದಲು ಹಕ್ಕಿಯನ್ನು ಕಂಡುಹಿಡಿಯುತ್ತಿದ್ದರು, ರಾತ್ರಿ ಹೊರಗೆ ಬಂದಾಗ ಟಾರ್ಚ್ ಹಾಕಲು ಬಿಡುತ್ತಿರಲಿಲ್ಲ ಎಂಬಂಥ ನೆನಪುಗಳು ನಿಮ್ಮ ಮನೆಯಲ್ಲಿದ್ದರೆ ಅವೇ ನಿಮ್ಮ ಬರಹದ ತಿರುಳು. ಅಂಥ ನೆನಪನ್ನು ಬರೆಯುವಾಗ ಅದರ ಹಿಂದಿನ ತರಬೇತಿಯನ್ನೂ ಅಲ್ಲೇ ಬರೆಯಿರಿ, ಆಗ ಕಾಕ್‌ಪಿಟ್ ಮತ್ತು ಮನೆಯಂಗಳ ತಾವಾಗಿಯೇ ಸೇರುತ್ತವೆ.

ಹಕ್ಕಿ ಮತ್ತು ಸೇನಾ ಪೈಲಟ್ ನಡುವಿನ ಸಂಬಂಧ ಕೇವಲ ಒಲವಿನದಲ್ಲ, ಭಯದ್ದೂ ಹೌದು; ಇದನ್ನು ಮುಚ್ಚಿಟ್ಟು ಬರೆದರೆ ಬರಹ ಸಪ್ಪೆಯಾಗುತ್ತದೆ. ಹಕ್ಕಿ ಬಡಿಯುವ ಅಪಘಾತಗಳಲ್ಲಿ ಹೆಚ್ಚಿನವು ನೆಲಕ್ಕೆ ಸಮೀಪದಲ್ಲಿ, ವಿಮಾನ ಏರುವ ಅಥವಾ ಇಳಿಯುವ ಹೊತ್ತಿನಲ್ಲಿ ಸಂಭವಿಸುತ್ತವೆ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ ತಗ್ಗಿನಲ್ಲಿ ವೇಗವಾಗಿ ಹಾರುವ ಸೇನಾ ವಿಮಾನಕ್ಕೆ ಒಂದು ಹದ್ದು ಕೂಡ ಮಾರಕವಾಗಬಲ್ಲದು. ಎತ್ತರದಲ್ಲೂ ಅಪಾಯವಿಲ್ಲವೆನ್ನುವಂತಿಲ್ಲ: 1973ರ ನವೆಂಬರ್‌ನಲ್ಲಿ ಪಶ್ಚಿಮ ಆಫ್ರಿಕದ ಅಬಿಜಾನ್ ಬಳಿ ವಿಮಾನವೊಂದಕ್ಕೆ ರಣಹದ್ದು ಬಡಿದದ್ದು ಸುಮಾರು 11,300 ಮೀಟರ್ ಎತ್ತರದಲ್ಲಿ. ಅಮೆರಿಕದ ಬಾಸ್ಟನ್‌ನಲ್ಲಿ 1960ರ ಅಕ್ಟೋಬರ್ 4ರಂದು ಸ್ಟಾರ್ಲಿಂಗ್ ಹಕ್ಕಿಗಳ ಹಿಂಡಿಗೆ ಸಿಕ್ಕಿದ ಪ್ರಯಾಣಿಕ ವಿಮಾನ ಬಿದ್ದು 62 ಜನ ಸತ್ತರು. ಆ ವಿಮಾನದ ಎಂಜಿನ್‌ಗಳಲ್ಲಿ ಸಿಕ್ಕಿದ ಪುಕ್ಕದ ಚೂರುಗಳನ್ನು ನೋಡಿ ಹಕ್ಕಿ ಯಾವುದೆಂದು ಹೇಳಿದವರು ಸ್ಮಿತ್‌ಸೋನಿಯನ್ ಸಂಸ್ಥೆಯ ರಾಕ್ಸಿ ಲೇಬೋರ್ನ್. ಪುಕ್ಕದಿಂದ ಹಕ್ಕಿಯನ್ನು ಗುರುತಿಸುವ ಅವರ ವಿದ್ಯೆ ಮುಂದೆ ವಿಮಾನ ಸುರಕ್ಷತೆಯ ಒಂದು ಅಂಗವೇ ಆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರೇಡಾರ್ ಪರದೆಗಳ ಮೇಲೆ ಕಾಣಿಸಿ ಗೊಂದಲ ಹುಟ್ಟಿಸುತ್ತಿದ್ದ ಕೆಲವು ವಿಚಿತ್ರ ಗುರುತುಗಳು ಹಕ್ಕಿಗಳದ್ದೆಂದು ಜೀವಿವಿಜ್ಞಾನಿಗಳಾದ ಡೇವಿಡ್ ಲ್ಯಾಕ್ ಮತ್ತು ಜಾರ್ಜ್ ವಾರ್ಲಿ 1945ರಲ್ಲಿ ಪ್ರಕಟಿಸಿದರು. ವಲಸೆ ಹಕ್ಕಿಗಳ ಅಧ್ಯಯನಕ್ಕೆ ಅಲ್ಲಿಂದ ಹೊಸ ದಾರಿ ತೆರೆಯಿತು. ಹಕ್ಕಿ ಎಲ್ಲಿ ಕೂರುತ್ತದೆ, ಎಷ್ಟು ಹೊತ್ತಿಗೆ ಏರುತ್ತದೆ, ಯಾವ ತಿಂಗಳು ಹಿಂಡು ಕಟ್ಟುತ್ತದೆ ಎಂದು ತಿಳಿದುಕೊಳ್ಳುವುದು ಪೈಲಟ್‌ಗೆ ಜೀವದ ಪ್ರಶ್ನೆ. ಅಪಾಯವೆಂದು ಬಲ್ಲ ಜೀವಿಯನ್ನೇ ಮೆಚ್ಚಿ, ಅದರ ದಿನಚರಿಯನ್ನು ಬರೆದಿಡುವ ಮನಸ್ಸು ನನಗೆ ಬಹಳ ಗೌರವಕ್ಕೆ ಅರ್ಹವೆನಿಸುತ್ತದೆ.

ಹಾರಾಟವೇ ಪ್ರಕೃತಿಯ ಕಡೆಗೆ ಒಯ್ದ ಪ್ರಸಿದ್ಧ ಉದಾಹರಣೆ ಬೇಕೆಂದರೆ ಚಾರ್ಲ್ಸ್ ಲಿಂಡ್‌ಬರ್ಗ್ ಇದ್ದಾರೆ. ಅಮೆರಿಕದ ಸೇನೆಯಲ್ಲಿ ಹಾರಾಟ ಕಲಿತು, 1927ರಲ್ಲಿ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಮೂವತ್ತಮೂರೂವರೆ ಗಂಟೆ ಒಬ್ಬರೇ ಹಾರಿದ ಅವರು, ಕೊನೆಯ ವರ್ಷಗಳಲ್ಲಿ ನೀಲಿ ತಿಮಿಂಗಿಲ, ಹಂಪ್‌ಬ್ಯಾಕ್ ತಿಮಿಂಗಿಲ, ಫಿಲಿಪ್ಪೀನ್ಸಿನ ಕಾಡೆಮ್ಮೆ ತಮರಾವ್ ಇವುಗಳ ಉಳಿವಿಗಾಗಿ ದುಡಿದರು. ವಿಮಾನ ಮತ್ತು ಹಕ್ಕಿಗಳಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ಹಕ್ಕಿಗಳನ್ನು ಆರಿಸುವೆನೆಂಬ ಅರ್ಥದ ಮಾತನ್ನೂ ಬರೆದರು. ಆದರೆ ಅದೇ ಲಿಂಡ್‌ಬರ್ಗ್ ಯುರೋಪಿನಲ್ಲಿ ಗುಟ್ಟಾಗಿ ಬೇರೆ ಸಂಸಾರಗಳನ್ನು ಹೊಂದಿದ್ದರೆಂಬುದು ಅವರು ಸತ್ತು ಸುಮಾರು ಮೂರು ದಶಕಗಳಾದ ಮೇಲೆ, 2003ರಲ್ಲಿ ಹೊರಬಿತ್ತು. ಇದನ್ನು ನಿಮ್ಮ ತಂದೆಯವರಿಗೆ ಹೋಲಿಸಿ ಹೇಳುತ್ತಿಲ್ಲ. ಪ್ರಕೃತಿಯನ್ನು ಪ್ರೀತಿಸಿದವರು ಮನೆಯನ್ನೂ ಪ್ರೀತಿಸಿಯೇ ಇದ್ದಾರೆಂದು ಒಂದರಿಂದ ಇನ್ನೊಂದನ್ನು ಊಹಿಸುವಂತಿಲ್ಲ, ಮನೆಯ ಪ್ರೀತಿಗೆ ಬೇರೆಯದೇ ಪುರಾವೆ ಬೇಕು ಎಂಬುದನ್ನು ತೋರಿಸಲು ಹೇಳುತ್ತಿದ್ದೇನೆ.

ಆ ಪುರಾವೆ ನಿಮ್ಮ ಲಾಗ್ ಬುಕ್ಕಿನಲ್ಲೇ ಇದೆ, ಓದುವ ಕ್ರಮ ಗೊತ್ತಿರಬೇಕು ಅಷ್ಟೆ. ಪ್ರತಿ ಸಾಲಿನಲ್ಲಿ ದಿನಾಂಕ, ವಿಮಾನದ ಮಾದರಿ ಮತ್ತು ಸಂಖ್ಯೆ, ಕ್ಯಾಪ್ಟನ್ ಯಾರು, ಸಹಪೈಲಟ್ ಯಾರು, ಕೆಲಸವೇನು, ಹಗಲು ಎಷ್ಟು ಹೊತ್ತು, ರಾತ್ರಿ ಎಷ್ಟು ಹೊತ್ತು ಎಂಬುದಿರುತ್ತದೆ. ಬ್ರಿಟಿಷ್ ಪದ್ಧತಿಯನ್ನು ಅನುಸರಿಸಿದ ವಾಯುಪಡೆಗಳಲ್ಲಿ ರಾತ್ರಿಯ ಹಾರಾಟವನ್ನು ಕೆಂಪು ಶಾಯಿಯಲ್ಲಿ ಬರೆಯುವ ರೂಢಿಯಿದೆ. ನೀವು ಕಳಿಸಿದ ಪುಟದ ಮೂರು ಕೆಂಪು ಸಾಲುಗಳು ಅವೇ. ತಿಂಗಳ ಕೊನೆಯಲ್ಲಿ ಮೊತ್ತ ಹಾಕಿ ಮೇಲಧಿಕಾರಿಯ ಸಹಿ ಪಡೆಯುತ್ತಾರೆ, ವರ್ಷಕ್ಕೊಮ್ಮೆ ಪೈಲಟ್‌ನ ಸಾಮರ್ಥ್ಯದ ಬಗ್ಗೆ ಒಂದೆರಡು ಪದಗಳ ಷರಾ ಬರೆಯುತ್ತಾರೆ. ಅಲ್ಲಿ ‘ಸರಾಸರಿಗಿಂತ ಮೇಲು’ ಎಂಬರ್ಥದ ಎರಡು ಮೂರು ಪದ ಕಂಡರೆ ಅದನ್ನು ಹಗುರವಾಗಿ ಎಣಿಸಬೇಡಿ, ಆ ವೃತ್ತಿಯಲ್ಲಿ ಹೊಗಳಿಕೆ ಅಷ್ಟೇ ಚಿಕ್ಕದಾಗಿರುತ್ತದೆ. ಒಟ್ಟು ಗಂಟೆಗಳನ್ನು ಯುದ್ಧವಿಮಾನದ ಪೈಲಟ್‌ಗಳ ಗಂಟೆಗಳಿಗೆ ಹೋಲಿಸಲೂ ಹೋಗಬೇಡಿ: ಅವರ ಹಾರಾಟ ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸಿನದು, ಸಾರಿಗೆ ವಿಮಾನದ್ದು ಹಲವು ಗಂಟೆಗಳದು, ಆದ್ದರಿಂದ ಸಂಖ್ಯೆಯ ಗಾತ್ರದಿಂದ ಅನುಭವದ ಹಿರಿಮೆಯನ್ನು ಅಳೆಯಲಾಗದು.

ನಾನು ಶಿಫಾರಸು ಮಾಡುವ ಕೆಲಸವೊಂದಿದೆ, ಬೇಸರದ್ದೆನಿಸಿದರೂ ಮಾಡಿ. ಒಂದು ದೊಡ್ಡ ಹಾಳೆಯಲ್ಲಿ ವರ್ಷಗಳನ್ನು ಬರೆದು, ಒಂದು ಕಾಲಮ್ಮಿನಲ್ಲಿ ಲಾಗ್ ಬುಕ್ಕಿನ ತಿಂಗಳ ಮೊತ್ತ, ಇನ್ನೊಂದರಲ್ಲಿ ವರ್ಗಾವಣೆಯಾದ ಊರುಗಳು, ಮೂರನೆಯದರಲ್ಲಿ ಅಕ್ಕನ ವಯಸ್ಸು, ನಾಲ್ಕನೆಯದರಲ್ಲಿ ನಿಮ್ಮ ವಯಸ್ಸು ಬರೆಯಿರಿ. ನಿಮ್ಮಿಬ್ಬರ ನೆನಪುಗಳು ಏಕೆ ಬೇರೆ ಎಂಬುದಕ್ಕೆ ಅಲ್ಲಿ ಉತ್ತರ ಸಿಗುವ ಸಾಧ್ಯತೆ ಬಹಳ. ಸಾಮಾನ್ಯವಾಗಿ ಪೈಲಟ್‌ ಅತಿ ಹೆಚ್ಚು ಹಾರುವುದು ಎಳೆಯ ವಯಸ್ಸಿನಲ್ಲಿ, ವಿಮಾನಗಳ ದಳವಾದ ಸ್ಕ್ವಾಡ್ರನ್‌ನಲ್ಲಿರುವಾಗ. ಹುದ್ದೆ ಏರಿದಂತೆ ಮೇಜಿನ ಕೆಲಸ ಹೆಚ್ಚಿ ಹಾರಾಟ ಇಳಿಯುತ್ತದೆ. ಮೊದಲ ಮಗುವಿನ ಬಾಲ್ಯ ಮೊದಲ ಕಾಲಕ್ಕೂ ಎರಡನೆಯ ಮಗುವಿನ ಬಾಲ್ಯ ಎರಡನೆಯ ಕಾಲಕ್ಕೂ ಬಿದ್ದಿದ್ದರೆ, ನಿಮ್ಮ ಅಕ್ಕ ಹೇಳುವುದೂ ನಿಜ, ನೀವು ಹೇಳುವುದೂ ನಿಜ. ಅಕ್ಕನ ಮಾತನ್ನು ಬರಹದಿಂದ ಬಿಟ್ಟುಬಿಡಬೇಡಿ, ಸಮಾಧಾನದ ಮಾತಿನಿಂದ ತೇಲಿಸಲೂ ಬೇಡಿ. ಗೈರುಹಾಜರಿ ಆ ಬದುಕಿನ ನಿಜವಾದ ಬೆಲೆ, ಮತ್ತು ಅದರ ಒಂದು ಪಾಲನ್ನು ತೆತ್ತವರು ಮಕ್ಕಳು.

ಹಾಗೆಯೇ ‘ಪುಟ್ಟಿ’ ಯಾರೆಂದು ವಿಚಾರಿಸಿ. ನಿಮ್ಮ ಅಕ್ಕನನ್ನು ಮನೆಯಲ್ಲಿ ಹಾಗೆ ಕರೆಯುತ್ತಿದ್ದರೆ, ಅಪ್ಪ ಇರುತ್ತಲೇ ಇರಲಿಲ್ಲ ಎನ್ನುವ ಅವರೇ ಒಂದು ಬೆಳಗ್ಗೆ ಅಪ್ಪನ ಪಕ್ಕದಲ್ಲಿ ನಿಂತು ಅಪ್ಪನಿಗಿಂತ ಮೊದಲು ಹದ್ದುಗಳನ್ನು ಕಂಡಿದ್ದರು, ಮತ್ತು ತಂದೆ ಅದನ್ನು ತಮ್ಮ ವೃತ್ತಿಯ ಟಿಪ್ಪಣಿಯ ನಡುವೆ ದಾಖಲಿಸಿದ್ದರು ಎಂದಾಗುತ್ತದೆ. ಅದರಿಂದ ಅಕ್ಕನ ದೂರು ಸುಳ್ಳಾಗುವುದಿಲ್ಲ. ಆ ಸಾಲನ್ನು ಅವರಿಗೆ ತೋರಿಸಿ, ಅವರು ಏನು ಹೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ನೋಟ್‌ಬುಕ್ಕಿನ ಉಳಿದ ಪುಟಗಳಲ್ಲೂ ಮನೆಯವರ ಹೆಸರುಗಳನ್ನು ಹುಡುಕಿ. ‘ಮನೆಯನ್ನು ಅಪಾರವಾಗಿ ಪ್ರೀತಿಸುತ್ತಿದ್ದರು’ ಎಂಬ ವಾಕ್ಯ ಯಾರ ಬಗ್ಗೆಯಾದರೂ ಬರೆಯಬಹುದಾದದ್ದು. ‘ಪುಟ್ಟಿ ಮೊದಲು ನೋಡಿದಳು’ ಎಂಬುದು ನಿಮ್ಮ ತಂದೆಯವರದೇ.

ಪ್ರೀತಿ ಕೆಲಸದ ರೂಪದಲ್ಲಿ ಕಾಣಿಸಿಕೊಳ್ಳುವುದಕ್ಕೆ ನನಗೆ ಪದೇ ಪದೇ ನೆನಪಾಗುವವರು ರೋಲ್ಡ್ ಡಾಲ್. ಜಗತ್ತು ಅವರನ್ನು ಲೇಖಕರೆಂದು ಬಲ್ಲದು, ಆದರೆ ಅವರು ಬ್ರಿಟಿಷ್ ವಾಯುಪಡೆಯ 80ನೆಯ ಸ್ಕ್ವಾಡ್ರನ್‌ನ ಪೈಲಟ್ ಆಗಿದ್ದವರು. 1940ರಲ್ಲಿ ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ವಿಮಾನ ಅಪ್ಪಳಿಸಿ ತಲೆಬುರುಡೆ ಬಿರಿದು ಬದುಕಿ, ಮರುವರ್ಷ ಗ್ರೀಸಿನ ಮೇಲೆ ಮತ್ತೆ ಹಾರಿದವರು. ಮುಂದೆ ಹಳ್ಳಿಯ ಮನೆಯಲ್ಲಿ ತೋಟ, ಆರ್ಕಿಡ್, ಹಕ್ಕಿಗಳ ನಡುವೆ ಬದುಕಿದರು. 1960ರಲ್ಲಿ ಅವರ ಹಸುಗೂಸಿನ ತಲೆಗೆ ರಸ್ತೆ ಅಪಘಾತದಲ್ಲಿ ಪೆಟ್ಟಾಗಿ ಮಿದುಳಿನಲ್ಲಿ ದ್ರವ ತುಂಬತೊಡಗಿದಾಗ, ಅದನ್ನು ಹೊರಗೆ ಹರಿಸುವ ಕೊಳವೆಯ ಕವಾಟ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಆಟಿಕೆ ವಿಮಾನಗಳ ಎಂಜಿನ್‌ಗೆ ಸಣ್ಣ ಪಂಪು ತಯಾರಿಸುತ್ತಿದ್ದ ಸ್ಟ್ಯಾನ್ಲಿ ವೇಡ್ ಎಂಬ ಎಂಜಿನಿಯರ್ ಮತ್ತು ಕೆನೆತ್ ಟಿಲ್ ಎಂಬ ನರಶಸ್ತ್ರಚಿಕಿತ್ಸಕರನ್ನು ಡಾಲ್ ಒಟ್ಟುಗೂಡಿಸಿ ಹೊಸ ಕವಾಟವನ್ನೇ ರೂಪಿಸಿದರು. ಅಷ್ಟರಲ್ಲಿ ಅವರ ಮಗು ಚೇತರಿಸಿಕೊಂಡಿತ್ತು, ಕವಾಟ ಮಾತ್ರ ಸಾವಿರಾರು ಬೇರೆ ಮಕ್ಕಳಿಗೆ ಬಳಕೆಯಾಯಿತು. ಅವರ ಕಾಗದಗಳ ಕಥೆಯೂ ನಿಮಗೆ ಉಪಯೋಗಕ್ಕೆ ಬರುತ್ತದೆ: ಬಾಲ್ಯದಿಂದ ಅವರು ತಾಯಿಗೆ ಬರೆದ 600ಕ್ಕೂ ಹೆಚ್ಚು ಕಾಗದಗಳನ್ನು ಆ ತಾಯಿ ಯಾರಿಗೂ ಹೇಳದೆ ಕಟ್ಟಿಟ್ಟಿದ್ದರು, ಮಗನಿಗೆ ಅದು ತಿಳಿದದ್ದು 1967ರಲ್ಲಿ ತಾಯಿ ತೀರಿಕೊಂಡ ಮೇಲೆ.

ನಿಮ್ಮ ತಾಯಿಯವರಿಗೆ ಬಂದ ಕಾಗದಗಳನ್ನು ಓದುವಾಗ ಒಂದು ಎಚ್ಚರ ಬೇಕು. ಸೇವೆಯಲ್ಲಿರುವವರು ಎಲ್ಲಿದ್ದೇವೆ, ಏನು ಮಾಡುತ್ತಿದ್ದೇವೆ ಎಂದು ಬರೆಯುವಂತಿರಲಿಲ್ಲ; ಆದ್ದರಿಂದ ಅವರ ಕಾಗದಗಳಲ್ಲಿ ಮಳೆ, ಮರ, ಕೋಣೆಯ ಸೂರಿನಲ್ಲಿ ಗೂಡು ಕಟ್ಟಿದ ಹಕ್ಕಿ ಇಂಥವೇ ತುಂಬಿಕೊಂಡಿರುತ್ತವೆ. ಹೇಳಬಹುದಾದ ಸತ್ಯಗಳಲ್ಲಿ ಪ್ರಕೃತಿ ಒಂದಾಗಿತ್ತು. ಕಾಗದದ ತಾರೀಖನ್ನು ಲಾಗ್ ಬುಕ್ಕಿನ ತಾರೀಖಿಗೆ ಹೊಂದಿಸಿ ನೋಡಿ. ಗೂಡಿನ ವಿಷಯ ಬರೆದ ವಾರದಲ್ಲೇ ಕೆಂಪು ಸಾಲುಗಳು ಒತ್ತಾಗಿದ್ದರೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಬರೆಯಿರಿ, ವಿವರಣೆ ಸೇರಿಸಬೇಡಿ.

ಅವರು ಹೇಳದೆ ಉಳಿಸಿದ್ದನ್ನು ಊಹೆಯಿಂದ ತುಂಬುವ ಆಸೆಯನ್ನೂ ತಡೆದುಕೊಳ್ಳಿ. ಮೌನಕ್ಕೆ ಹಲವು ಕಾರಣಗಳಿರುತ್ತವೆ: ಗೌಪ್ಯತೆಯ ನಿಯಮ, ಸತ್ತ ಗೆಳೆಯರ ನೆನಪು, ಹೇಳಿದರೂ ಮನೆಯವರಿಗೆ ಅರ್ಥವಾಗದೆಂಬ ಭಾವನೆ, ಅಥವಾ ಮನೆಯೊಳಗೆ ಆ ಭಯ ಬರಬಾರದೆಂಬ ಕಾಳಜಿ. ಇವುಗಳಲ್ಲಿ ಯಾವುದೆಂದು ನಿಮಗೆ ಖಚಿತವಿಲ್ಲದಿದ್ದರೆ ಯಾವುದನ್ನೂ ಆರಿಸಬೇಡಿ. ಅದರ ಬದಲು ಲಾಗ್ ಬುಕ್ಕಿನ ಸಹಪೈಲಟ್ ಕಾಲಮ್ಮಿನಲ್ಲಿ ಪದೇ ಪದೇ ಬರುವ ಹೆಸರುಗಳನ್ನು ಪಟ್ಟಿ ಮಾಡಿ, ಬದುಕಿರುವವರನ್ನು ಹುಡುಕಿ ಮಾತನಾಡಿಸಿ. ವೀರಗಾಥೆಯನ್ನು ಕೇಳಬೇಡಿ; ಮೋಡ ಕವಿದಾಗ ಅವರು ಏನು ಮಾಡುತ್ತಿದ್ದರು, ಇಳಿದ ಮೇಲೆ ಮೊದಲು ಎಲ್ಲಿಗೆ ಹೋಗುತ್ತಿದ್ದರು ಎಂದು ಕೇಳಿ. ಸರ್ಕಾರಿ ದಾಖಲೆಗಳಿಗೂ ಅರ್ಜಿ ಹಾಕಬಹುದು, ಆದರೆ ಅವನ್ನೇ ನಂಬಿ ಕೂರುವಂತಿಲ್ಲ. ಬ್ರಿಟನ್ನಿನಲ್ಲಿ ಸ್ಕ್ವಾಡ್ರನ್‌ಗಳ ಕಾರ್ಯಾಚರಣೆಯ ದಿನಚರಿಗಳು ರಾಷ್ಟ್ರೀಯ ಪತ್ರಾಗಾರದಲ್ಲಿ ಸಾರ್ವಜನಿಕರಿಗೆ ಸಿಗುತ್ತವೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿಯಾದರೋ ದಾಖಲೆ ಕೇಂದ್ರಕ್ಕೆ 1973ರ ಜುಲೈನಲ್ಲಿ ಬಿದ್ದ ಬೆಂಕಿಯಲ್ಲಿ ಭೂಸೇನೆ ಮತ್ತು ವಾಯುಪಡೆಯವರ ಒಂದೂವರೆ ಕೋಟಿಗೂ ಹೆಚ್ಚು ಸೇವಾ ಕಡತಗಳು ಸುಟ್ಟುಹೋದವು. ಹಾಗೆ ಕಡತ ಕಳೆದುಕೊಂಡವರ ಮನೆಗಳಲ್ಲಿ ಈಗ ಟ್ರಂಕಿನೊಳಗಿನ ಲಾಗ್ ಬುಕ್ಕೇ ಮುಖ್ಯ ಆಧಾರ.

ನಿಮ್ಮ ತಾಯಿಯವರ ಬಗ್ಗೆ ನೀವು ಒಂದೇ ವಾಕ್ಯ ಬರೆದಿದ್ದೀರಿ, ಅದೂ ಕಾಗದ ಪಡೆದವರೆಂದು. ಪ್ರತಿ ವರ್ಗಾವಣೆಯಲ್ಲೂ ಸಾಮಾನು ಕಟ್ಟಿದವರು, ಹೊಸ ಶಾಲೆ ಹುಡುಕಿದವರು, ವಿಮಾನ ತಡವಾದ ರಾತ್ರಿಗಳಲ್ಲಿ ಮಕ್ಕಳನ್ನು ಮಲಗಿಸಿ ಎಚ್ಚರವಿದ್ದವರು ಅವರು. ತಂದೆಯವರು ಒಂದೂರಲ್ಲಿ ನೆಟ್ಟ ಗಿಡ ಹಣ್ಣು ಬಿಡುವ ಮೊದಲೇ ಸಂಸಾರ ಇನ್ನೊಂದು ಕ್ವಾರ್ಟರ್ಸ್‌ಗೆ ಹೊರಟಿರುತ್ತಿತ್ತು; ಕುಂಡಗಳಲ್ಲಿ ಯಾವುದನ್ನು ಒಯ್ಯಬೇಕು, ಯಾವುದನ್ನು ನೆರೆಯವರಿಗೆ ಕೊಡಬೇಕೆಂದು ಬಹುಶಃ ಅವರೇ ತೀರ್ಮಾನಿಸಿದ್ದಾರು. ಅವರು ಮಾತನಾಡುವ ಸ್ಥಿತಿಯಲ್ಲಿದ್ದರೆ ಮೊದಲು ಅವರ ಬಳಿ ಕುಳಿತುಕೊಳ್ಳಿ. ಕೈಯಲ್ಲಿ ಪ್ರಶ್ನೆಗಳ ಪಟ್ಟಿ ಬೇಡ, ಲಾಗ್ ಬುಕ್ ಇರಲಿ. ಒಂದೊಂದು ಊರಿನ ಹೆಸರು ಓದಿ, ಆ ಮನೆಯ ಮುಂದೆ ಯಾವ ಮರವಿತ್ತೆಂದು ಕೇಳಿ.

ಬರಹದ ಕ್ರಮದ ವಿಷಯದಲ್ಲಿ ನನ್ನ ಸಲಹೆ ಇಷ್ಟು: ಹುಟ್ಟಿನಿಂದ ಸಾವಿನವರೆಗೆ ಸಾಲಾಗಿ ಬರೆಯಬೇಡಿ. ನಿಮಗೆ ಪೂರ್ತಿ ಆಧಾರ ಸಿಕ್ಕಿರುವ ಒಂದೇ ಒಂದು ತಿಂಗಳನ್ನು, ಉದಾಹರಣೆಗೆ ನೀವು ಕಳಿಸಿದ ತಿಂಗಳನ್ನೇ, ಹಾರಾಟ, ಹಕ್ಕಿ, ಮನೆ ಮೂರೂ ಇರುವಂತೆ ಮೊದಲು ಬರೆಯಿರಿ. ಅದು ಸರಿಯಾಗಿ ಬಂದರೆ ಉಳಿದ ವರ್ಷಗಳಿಗೆ ಎಷ್ಟು ಜಾಗ ಬೇಕೆಂದು ನಿಮಗೇ ತಿಳಿಯುತ್ತದೆ. ಹುದ್ದೆ, ಪದಕ, ವರ್ಗಾವಣೆಗಳ ಪಟ್ಟಿಯನ್ನು ಕೊನೆಯಲ್ಲಿ ಒಂದು ಪುಟದಲ್ಲಿ ಬೇರೆಯಾಗಿ ಕೊಡಿ. ಕರಡನ್ನು ಅಕ್ಕ ಮತ್ತು ತಾಯಿಯವರಿಗೆ ತೋರಿಸಿ, ಅವರಿಗೆ ಒಪ್ಪಿಗೆಯಾಗದ ಜಾಗಗಳಲ್ಲಿ ಅವರ ಮಾತನ್ನು ಅವರ ಹೆಸರಿನಲ್ಲೇ ಸೇರಿಸಿ. ಬರೆಯಲು ಕೂರುವ ಮುನ್ನ ಲಾಗ್ ಬುಕ್ ಮತ್ತು ನೋಟ್‌ಬುಕ್ಕಿನ ಎಲ್ಲ ಪುಟಗಳನ್ನೂ ಖಾಲಿ ಪುಟಗಳ ಸಹಿತ ಸ್ಕ್ಯಾನ್ ಮಾಡಿಸಿ ಎರಡು ಕಡೆ ಇಟ್ಟುಕೊಳ್ಳಿ. ಕೆಂಪು ಶಾಯಿ ಬೆಳಕಿಗೆ ಮಾಸುವ ಸಂಭವವಿರುವುದರಿಂದ ಮೂಲಪ್ರತಿಗಳನ್ನು ಗಾಜಿನ ಚೌಕಟ್ಟಿನಲ್ಲಿ ಗೋಡೆಗೆ ತೂಗುಹಾಕಬೇಡಿ, ಲ್ಯಾಮಿನೇಟ್ ಅಂತೂ ಮಾಡಿಸಲೇಬೇಡಿ.